ಹೊಳೆ ದಾಟಿಸಿದ ಬೊಳ್ಳಿ

ನನಗೊಂದು ಅಭ್ಯಾಸ ಉಂಟು. ಬಾಯಿ ಕಟ್ಟಿದ ಗೋಣಿ ಕಂಡರೆ ಕೈ ಸುಮ್ಮನಿರುವುದಿಲ್ಲ, ಒಮ್ಮೆ ಒತ್ತಿ ನೋಡಲೇಬೇಕು. ಪುತ್ತೂರು ಪೇಟೆಯಲ್ಲಿ ನನ್ನ ಗುರುತಿರುವ ಅಂಗಡಿಯವರು ನಾನು ಮೆಟ್ಟಿಲು ಹತ್ತುವ ಮೊದಲೇ “ಅಕ್ಕಾ, ಅದರಲ್ಲಿ ಬೆಲ್ಲ ಉಂಟು, ಒತ್ತುದು ಬೇಡ” ಎಂದು ಹೇಳಿಬಿಡುತ್ತಾರೆ. ಮಗನಂತೂ ನನ್ನ ಜೊತೆ ಪೇಟೆಗೆ ಬರುವುದನ್ನು ಬಿಟ್ಟು ವರ್ಷಗಳಾದವು. ಒಮ್ಮೆ ಸುಳ್ಯದ ಬಸ್ಸಿನಲ್ಲಿ ಸೀಟಿನ ಅಡಿಯ ಗೋಣಿಯೊಂದು ಅಲುಗಾಡಿತು. ನಾನು ಹಿಂದೆ ಮುಂದೆ ನೋಡದೆ ಗಂಟು ಬಿಚ್ಚಿದೆ. ಒಳಗಿದ್ದದ್ದು ಅಂಕದಲ್ಲಿ ಕಾದಾಡುವ ಕೋಳಿ. ಅದು ಹಾರಿ ಕಂಡಕ್ಟರನ ಹೆಗಲ ಮೇಲೆ ಕೂತದ್ದು, ಬಸ್ಸು ನಿಂತದ್ದು, ಕೋಳಿಯ ಯಜಮಾನ ನನ್ನನ್ನು ಮೇಲಿಂದ ಕೆಳಗೆ ನೋಡಿದ್ದು ಎಲ್ಲ ಆಯಿತು.

“ಎಂತ ಅಮ್ಮ ನೀವು? ಅಂಕಕ್ಕೆ ಕೊಂಡೋಗುವ ಕೋಳಿ ಅದು.”

“ಬೆಕ್ಕು ಅಂತ ಗ್ರಹಿಸಿದೆ ಮಾರಾಯ.”

“ಬೆಕ್ಕನ್ನು ಯಾರು ಗೋಣಿಯಲ್ಲಿ ಹಾಕಿ ಬಸ್ಸಲ್ಲಿ ಕೊಂಡೋಗ್ತಾರೆ?”

ಪಾಪ, ಅವನಿಗೆ ನಮ್ಮೂರಿನವರ ವಿಷಯ ಗೊತ್ತಿರಲಿಲ್ಲ.

ಒತ್ತಿ ನೋಡಿದ ಗೋಣಿಗಳಲ್ಲಿ ಹೆಚ್ಚಿನವು ಹಿಂಡಿ, ತೆಂಗಿನಕಾಯಿ, ಒಣಮೆಣಸು. ನಗುವವರು ನಗಲಿ ಎಂದು ನಾನೂ ನಗುತ್ತಿದ್ದೆ. ಆದರೆ ಮೊನ್ನೆ ಸೇತುವೆಯ ಹತ್ತಿರ ದಾರಿಬದಿಯಲ್ಲಿ ಬಿದ್ದಿದ್ದ ಗೋಣಿಯನ್ನು ಒತ್ತಿದಾಗ ಅದು ಸಣ್ಣಗೆ ಕೂಗಿತು. ಬಿಚ್ಚಿದರೆ ಕಣ್ಣು ಆಗಷ್ಟೇ ಬಿಟ್ಟ ಮರಿಗಳು, ಒಂದರ ಮೇಲೊಂದು. ಪೇಟೆಯಲ್ಲಿ ನಾಲ್ಕೈದು ಹುಡುಗಿಯರು ಸೇರಿ ಹಳೆಯ ಶೆಡ್ಡೊಂದರಲ್ಲಿ ಇಂಥ ಬೆಕ್ಕುಗಳನ್ನು ಸಾಕಿ, ಬೇಕೆಂದು ಬಂದವರಿಗೆ ಕೊಡುತ್ತಾರೆ. ಅಲ್ಲಿಗೆ ಒಯ್ದೆ. ಅವರಲ್ಲೊಬ್ಬಳು ಗೋಣಿಯನ್ನು ಬೆಳಕಿಗೆ ಹಿಡಿದು ನೋಡಿ, “ಅಜ್ಜಿ, ಬಿಟ್ಟವರು ಪರವಾಗಿಲ್ಲ, ಉಸಿರಾಡ್ಲಿಕ್ಕೆ ಗೋಣಿಗೆ ತೂತು ಮಾಡಿದ್ದಾರೆ” ಎಂದಳು.

ಪರವಾಗಿಲ್ಲವಂತೆ. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಆ ಹುಡುಗಿಯ ಮೇಲಲ್ಲ, ಅವಳು ಚಿನ್ನದಂಥ ಹುಡುಗಿ. ಆ ತೂತಿನ ಮೇಲೆ. ಕೊಂದರೆ ಪಾಪ, ಬಿಟ್ಟರೆ ಪಾಪವಿಲ್ಲ, ತೂತು ಮಾಡಿ ಬಿಟ್ಟರೆ ಪುಣ್ಯ. ಈ ಲೆಕ್ಕ ನನಗೆ ಹೊಸತಲ್ಲ. ನಾನು ಲಂಗ ಉಟ್ಟು ಓಡುತ್ತಿದ್ದ ಕಾಲದಿಂದ ಇದೇ ಲೆಕ್ಕ ನಡೆಯುತ್ತಿದೆ, ನನ್ನ ಸಿಟ್ಟೂ ಆಗಿನಿಂದಲೇ ನಡೆಯುತ್ತಿದೆ. ಮನೆಯವರು ನನಗೆ ರಕ್ತದೊತ್ತಡದ ಮಾತ್ರೆ ಕೊಡುತ್ತಾರೆ. ಅದು ಬೆಕ್ಕಿನ ಸಿಟ್ಟಿಗೆ ನಾಟುವುದಿಲ್ಲ.

ನಮ್ಮ ಮನೆ ಆಗ ಕಾಣಿಯೂರಿನ ಕಡೆ, ಹೊಳೆಬದಿಯಲ್ಲಿ. ಹೊಳೆ ಎಂದರೆ ಕುಮಾರಧಾರೆ. ಆಚೆ ದಡ ಪೆರಾಬೆಯ ಕಡೆಯದು. ಸೇತುವೆ ಎಂಬುದನ್ನು ಆಗ ನಾವು ಯಾರೂ ಕನಸಿನಲ್ಲಿ ಕೂಡ ಕಂಡಿರಲಿಲ್ಲ. ದೋಣಿ ನಿಲ್ಲುವ ಜಾಗಕ್ಕೆ ಕಡವು ಎನ್ನುತ್ತಿದ್ದೆವು. ದೋಣಿ ನಡೆಸುತ್ತಿದ್ದವರು ಇದ್ದಿನಬ್ಬ ಬ್ಯಾರಿಗಳು. ಅವರ ಹೆಂಡತಿ ಐಸಮ್ಮ. ಅವರ ಮನೆ ಆಚೆ ದಡದ ಕಡವಿನ ಮೇಲೆಯೇ. ಬೆಕ್ಕು ಬೇಡವಾದಾಗ ಈ ದಡದವರು ಅದನ್ನು ಗೋಣಿಯಲ್ಲಿ ಹಾಕಿ ಆ ದಡಕ್ಕೆ ಬಿಡುತ್ತಿದ್ದರು. ನೀರು ದಾಟಿದ ಬೆಕ್ಕು ತಿರುಗಿ ಬರುವುದಿಲ್ಲ ಎಂದು ನಂಬಿಕೆ. ಆ ದಡದವರಿಗೂ ಅದೇ ನಂಬಿಕೆ, ಅದೇ ದೋಣಿ. ಅವರು ತಮ್ಮ ಬೆಕ್ಕುಗಳನ್ನು ಈ ದಡಕ್ಕೆ ತಂದು ಬಿಡುತ್ತಿದ್ದರು. ಎರಡು ದಡದವರೂ ದೋಣಿ ಹತ್ತಿಳಿಯುವಾಗ ಕಡವಿನಲ್ಲಿ ತಮ್ಮ ತಮ್ಮ ಗೋಣಿಗಳ ಜೊತೆ ಎದುರುಬದುರಾದರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮದುವೆಗೆ ಹೆಣ್ಣು ಕೊಟ್ಟು ತರುವಷ್ಟು ನೆಂಟಸ್ತಿಕೆ ಇದ್ದ ಊರುಗಳು ಹೀಗೆ ಬೆಕ್ಕನ್ನೂ ಕೊಟ್ಟು ತರುತ್ತಿದ್ದವು, ಹೇಳದೆ ಮಾತ್ರ.

ಬೊಳ್ಳಿ ನಮಗೆ ಸಿಕ್ಕಿದ್ದು ಹಾಗೆಯೇ. ಆ ದಡದಿಂದ ಬಂದು ಈ ದಡದ ಕಲ್ಲಿನ ಸಂದಿಯಲ್ಲಿ ಕೂತಿದ್ದ ಮರಿ. ಮೈಯೆಲ್ಲ ಬೆಳ್ಳಿಯಂತೆ ಬಿಳಿ, ಅದಕ್ಕೇ ಬೊಳ್ಳಿ; ಒಂದು ಕಿವಿ ಮಾತ್ರ ಕಪ್ಪು. ನಾನು ಶಾಲೆಯಿಂದ ಬರುವಾಗ ಲಂಗದಲ್ಲಿ ಕಟ್ಟಿಕೊಂಡು ತಂದೆ. “ಹೆಣ್ಣು ಬೆಕ್ಕು, ನಾಳೆ ಮರಿ ಇಡ್ತದೆ” ಎಂದರು ಅಪ್ಪ. ಅಜ್ಜಿ ಕೂಡಲೇ ಗಾದೆ ತೆಗೆದರು: ನಾಯಿ ಮನೆಯವರಿಗೆ ಮಕ್ಕಳಾಗಲಿ ಎಂದು ಬೇಡುತ್ತದಂತೆ, ಬೆಕ್ಕು ಮನೆಯವರ ಕಣ್ಣು ಹೋಗಲಿ ಎಂದು ಬೇಡುತ್ತದಂತೆ.

ನೋಡಿ, ಇಲ್ಲಿಯೂ ನನಗೆ ಸಿಟ್ಟು ಬರುತ್ತದೆ. ಬೆಕ್ಕು ಬೇಡಿದ್ದನ್ನು ಕೇಳಿದವರು ಯಾರು? ನಮ್ಮ ಗಾದೆಗಳಲ್ಲಿ ಬೆಕ್ಕಿಗೆ ಒಂದು ಒಳ್ಳೆಯ ಮಾತಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವುದು ಅದು, ಇಲಿಗೆ ಪ್ರಾಣಸಂಕಟವಾದಾಗ ಚೆಲ್ಲಾಟ ಆಡುವುದು ಅದು, ಶುಭಕಾರ್ಯಕ್ಕೆ ಹೊರಟಾಗ ಅಡ್ಡ ಬರುವುದು ಅದು. ಅದರ ದಾರಿಗೆ ನಾವು ಅಡ್ಡ ಬಂದ ಮೇಲೆ ಅದಕ್ಕೇನಾಯಿತು ಎಂದು ಯಾರೂ ಗಾದೆ ಕಟ್ಟಲಿಲ್ಲ.

ಇಷ್ಟೆಲ್ಲ ಗಾದೆ ಹೇಳಿದ ಅಜ್ಜಿಯೇ ತಿಂಗಳು ಕಳೆಯುವುದರೊಳಗೆ ಬೊಳ್ಳಿಗೆ ಒಂದು ಗೆರಟೆ ಇಟ್ಟರು. ತೆಂಗಿನಕಾಯಿಯ ದೊಡ್ಡ ಗೆರಟೆ, ಅಡುಗೆಮನೆಯ ಹೊಸ್ತಿಲ ಹೊರಗೆ. ಅಲ್ಲಿ ಅನ್ನ, ಮೀನಿನ ತಲೆ, ಅಜ್ಜಿಯ ಬೈಗಳು ಮೂರೂ ಹೊತ್ತು ಹೊತ್ತಿಗೆ ಬೀಳುತ್ತಿದ್ದವು. ನಮ್ಮ ಮನೆಯಲ್ಲಿ ಅಕ್ಕಿಯನ್ನು ಬೈಹುಲ್ಲಿನಲ್ಲಿ ಕಟ್ಟಿ ಮುಡಿ ಮಾಡಿ ಕೋಣೆಯಲ್ಲಿ ಪೇರಿಸಿಡುತ್ತಿದ್ದರು. ಅಪ್ಪ ಕಟ್ಟಿದ ಮುಡಿ ಎಂದರೆ ಉರುಳಿಸಿದರೂ ಒಂದು ಕಾಳು ಚೆಲ್ಲದು. ಬೊಳ್ಳಿ ರಾತ್ರಿ ಆ ಮುಡಿಗಳ ಮೇಲೆ ಮಲಗುತ್ತಿತ್ತು. ಅದು ಇದ್ದಷ್ಟು ದಿನ ಇಲಿ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಹಗಲು ಮಾತ್ರ ಅದು ನನ್ನದು. ನಾನು ಮಗ್ಗಿ ಹೇಳುವಾಗ ನನ್ನ ಮಡಿಲಲ್ಲಿ ಇರುತ್ತಿತ್ತು. ಹದಿಮೂರರ ಮಗ್ಗಿಯಲ್ಲಿ ನಾನು ತಡವರಿಸಿದರೆ ಎದ್ದು ಹೋಗುತ್ತಿತ್ತು. ಅದಕ್ಕೆ ಮಗ್ಗಿ ಬರುತ್ತದೆ ಎಂದು ನಾನು ಶಾಲೆಯಲ್ಲಿ ಹೇಳಿ ಪೆಟ್ಟು ತಿಂದದ್ದೂ ಉಂಟು.

ನಮ್ಮ ಮನೆಮಾತು ಅರೆಭಾಷೆ. ಅದರಲ್ಲಿಯೇ ಬರೆದರೆ ನಿಮಗೆ ಅರೆಬರೆ ಅರ್ಥವಾದೀತು, ಹಾಗಾಗಿ ಮನೆಯವರ ಮಾತನ್ನು ಕನ್ನಡ ಮಾಡಿ ಹೇಳುತ್ತಿದ್ದೇನೆ. ನಮ್ಮಲ್ಲಿ ಗತಿಸಿದ ಹಿರಿಯರಿಗೆ ಗುರುಕಾರ್ಣವರು ಎನ್ನುತ್ತೇವೆ. ವರ್ಷಕ್ಕೊಮ್ಮೆ ಅವರಿಗೆ ಬಡಿಸುವ ಕ್ರಮ ಉಂಟು. ಮುಡಿ ಇಡುವ ಅದೇ ಕೋಣೆಯಲ್ಲಿ ದೀಪ ಹಚ್ಚಿ, ಸಾಲಾಗಿ ಬಾಳೆ ಎಲೆ ಹಾಕಿ, ಅನ್ನ, ರೊಟ್ಟಿ, ಕೋಳಿ ಸಾರು ಎಲ್ಲ ಬಡಿಸಿ, ಮನೆಯ ಹಿರಿಯರು ಪ್ರಾರ್ಥನೆ ಮಾಡಿ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುವುದು. ಒಳಗೆ ಹಿರಿಯರು ಉಣ್ಣುತ್ತಾರೆ, ಹೊರಗೆ ನಾವು ಬಾಯಿ ಮುಚ್ಚಿ ಕೂರುತ್ತೇವೆ. ಸ್ವಲ್ಪ ಹೊತ್ತು ಕಳೆದು ಬಾಗಿಲು ಬಡಿದು ತೆರೆದು, ಅದೇ ಊಟವನ್ನು ಪ್ರಸಾದವಾಗಿ ನಾವು ಉಣ್ಣುವುದು. ನಮ್ಮ ಮನೆಯ ಹಿರಿಯರು ದೊಡ್ಡಪ್ಪ, ಅಪ್ಪನ ಅಣ್ಣ. ಅವರ ಮಾತಿಗೆ ಮನೆಯಲ್ಲಿ ಎರಡನೆಯ ಮಾತಿರಲಿಲ್ಲ.

ಆ ವರ್ಷ ಬಡಿಸಿದ್ದು ಬೇಸಗೆಯ ಕೊನೆಗೆ, ಮಳೆ ಹಿಡಿಯುವ ಮೊದಲು. ಸುಳ್ಯದಿಂದ ದೊಡ್ಡಪ್ಪನ ಹೊಸ ಅಳಿಯ ಬಂದಿದ್ದರು, ನಮಗೆ ಬಾವ. ದೊಡ್ಡಪ್ಪ ಎಲ್ಲ ಕ್ರಮವಾಗಿ ಮಾಡಿ ಬಾಗಿಲು ಎಳೆದರು. ಮತ್ತೆ ತೆರೆದಾಗ ಎಲ್ಲರಿಗಿಂತ ಮುಂದೆ ನಿಂತಿದ್ದವರು ಅವರೇ. ಅವರು ಹೊಸ್ತಿಲಲ್ಲೇ ನಿಂತುಬಿಟ್ಟರು. ನಡುವಿನ ದೊಡ್ಡ ಎಲೆ, ನಮ್ಮ ಅಜ್ಜನ ಹೆಸರಿನದು, ಅದರಲ್ಲಿ ಇಟ್ಟಿದ್ದ ಕೋಳಿಯ ಕಾಲು ಇರಲಿಲ್ಲ.

“ಅಪ್ಪ ಬಂದಿದ್ದಾರೆ” ಎಂದರು ದೊಡ್ಡಪ್ಪ. ನಾನು ಅವರ ಕಣ್ಣಲ್ಲಿ ನೀರು ಕಂಡದ್ದು ಆಗಲೇ ಮೊದಲು.

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಇಣುಕಿದರು. “ಅನ್ನ ಮುಟ್ಟಲಿಲ್ಲ ನೋಡಿ, ಬರೀ ಮಾಂಸ. ಅವರ ಕ್ರಮವೇ ಹಾಗೆ. ಇರುವಾಗಲೂ ಹಾಗೆಯೇ.”

ಎಲ್ಲರೂ ಅಡ್ಡಬಿದ್ದರು. ನಾನೂ ಅಡ್ಡಬಿದ್ದೆ. ತಲೆ ಎತ್ತುವಾಗ ಮುಡಿಗಳ ಹಿಂದಿನಿಂದ ಬೊಳ್ಳಿ ಹೊರಗೆ ಬಂತು. ಬಂದು ದೀಪದ ಎದುರು ಕೂತು, ಕೈ ನೆಕ್ಕಿಕೊಂಡು ಮುಖ ತೊಳೆಯಲಿಕ್ಕೆ ಸುರು ಮಾಡಿತು. ಬಾಗಿಲು ಹಾಕುವಾಗ ಅದು ತನ್ನ ಮಲಗುವ ಜಾಗದಲ್ಲಿ ಇತ್ತು, ನೋಡಿದವರು ಯಾರೂ ಇಲ್ಲ.

ಬಾವ ನಕ್ಕುಬಿಟ್ಟರು. ತಡೆದುಕೊಳ್ಳಲಿಕ್ಕೆ ನೋಡಿದರು, ಆಗಲಿಲ್ಲ. ಅವರು ನಗದಿದ್ದರೆ ಬೊಳ್ಳಿ ಉಳಿಯುತ್ತಿತ್ತು ಎಂದು ನಾನು ಇವತ್ತಿಗೂ ಆಣೆ ಹಾಕಿ ಹೇಳುತ್ತೇನೆ. ಅದಕ್ಕೆ ಶಿಕ್ಷೆಯಾದದ್ದು ಕೋಳಿ ತಿಂದದ್ದಕ್ಕಲ್ಲ, ದೊಡ್ಡಪ್ಪ ಅತ್ತದ್ದನ್ನು ಹೊಸ ಅಳಿಯ ನೋಡಿದ್ದಕ್ಕೆ.

“ನಾಳೆ ಬೆಳಿಗ್ಗೆ ಇದು ಈ ಮನೆಯಲ್ಲಿ ಇರಬಾರದು” ಎಂದರು ದೊಡ್ಡಪ್ಪ.

ಅವ್ವ ಒಲೆಯ ಹತ್ತಿರದಿಂದಲೇ ಮೆಲ್ಲಗೆ, “ಬಾಗಿಲು ಹಾಕುವಾಗ ನಾವು ನೋಡ್ಬೇಕಿತ್ತು. ಅದಕ್ಕೆ ಎಂತ ಗೊತ್ತು?” ಎಂದಳು.

“ಕೊಲ್ಲಿ ಅಂತ ನಾನು ಹೇಳಿದೆನಾ? ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ಕಾಶಿಗೆ ಕೊಡ್ಬೇಕು. ಹೊಳೆ ದಾಟಿಸಿ, ಸಾಕು.”

ಎಂಥ ಧರ್ಮ ನೋಡಿ. ಸತ್ತ ಬೆಕ್ಕಿಗೆ ಚಿನ್ನ, ಬದುಕಿದ ಬೆಕ್ಕಿಗೆ ಗೋಣಿ. ಸತ್ತ ಅಜ್ಜನಿಗೆ ಕೋಳಿಯ ಕಾಲು ಇಟ್ಟು ಕಾಯುವವರು, ಹಸಿದವರು ಯಾರೋ ಅದನ್ನು ನಿಜವಾಗಿ ತಿಂದರೆ ಊರು ಬಿಡಿಸುತ್ತಾರೆ.

ಬೆಳಿಗ್ಗೆ ಅಪ್ಪ ಗೋಣಿ ತಂದರು. ಅಪ್ಪ ಕೆಟ್ಟವರಲ್ಲ, ಅಣ್ಣನ ಮಾತು ಮೀರದ ತಮ್ಮ, ಅಷ್ಟೇ. ಗೆರಟೆಯಲ್ಲಿ ಮೀನು ಹಾಕಿ ಕರೆದರು. ಬೊಳ್ಳಿ ನಂಬಿ ಬಂತು. ಗೋಣಿಯ ಬಾಯಿಗೆ ಕತ್ತದ ಹಗ್ಗ ಕಟ್ಟಿ, ದಿಕ್ಕು ತಪ್ಪಲಿ ಎಂದು ಅಂಗಳದಲ್ಲಿ ಅದನ್ನು ಮೂರು ಸುತ್ತು ತಿರುಗಿಸಿದರು. ಇದೂ ಕ್ರಮವೇ. ನಾನು ಕಡವಿನ ತನಕ ಅಳುತ್ತಾ ಓಡಿದೆ. ದೋಣಿಗೆ ನನ್ನನ್ನು ಹತ್ತಿಸಲಿಲ್ಲ. ದಾರಿಯುದ್ದಕ್ಕೂ ಸುಮ್ಮನಿದ್ದ ಬೊಳ್ಳಿ ನಡುಹೊಳೆಯಲ್ಲಿ ಕೂಗಿತು. ಇದ್ದಿನಬ್ಬ ಬ್ಯಾರಿಗಳು ಬಿದಿರಿನ ಜಲ್ಲೆ ಊರಿ ದೋಣಿ ತಳ್ಳುವುದನ್ನು ಒಂದು ಗಳಿಗೆ ನಿಲ್ಲಿಸಿ ಅಪ್ಪನ ಮುಖ ನೋಡಿದ್ದು ನನಗೆ ಈ ದಡಕ್ಕೆ ಕಂಡಿತು. ಅಪ್ಪ ನೀರು ನೋಡುತ್ತಿದ್ದರು.

ಅವತ್ತಿನಿಂದ ನಾನು ದೊಡ್ಡಪ್ಪನ ಹತ್ತಿರ ಮಾತು ಬಿಟ್ಟೆ. ಅದು ಅವರ ಗಮನಕ್ಕೆ ಬಂತೋ ಇಲ್ಲವೋ ಗೊತ್ತಿಲ್ಲ, ಮೊದಲೂ ನಾನು ಅವರ ಹತ್ತಿರ ಹೆಚ್ಚು ಮಾತಾಡಿದವಳಲ್ಲ. ಗೆರಟೆಯನ್ನು ಮಾತ್ರ ತೆಗೆಯಲಿಕ್ಕೆ ಬಿಡಲಿಲ್ಲ. ಕಡವಿಗೆ ಹೋಗಿ ಬ್ಯಾರಿಗಳನ್ನು ಕೇಳುತ್ತಿದ್ದೆ: “ನಮ್ಮ ಬೊಳ್ಳಿ ಉಂಟಾ?”

“ಉಂಟು” ಎನ್ನುತ್ತಿದ್ದರು. ಅವರು ಮಾತು ಕಡಿಮೆಯ ಮನುಷ್ಯ.

ಅಪ್ಪನ ಬೆನ್ನು ಹತ್ತಿದೆ. ಅಪ್ಪ ಒಂದು ದಿನ, “ಮಳೆ ಕಳೀಲಿ ಮಗಾ. ಹೊಳೆಯೂ ಇಳೀತದೆ, ನಿನ್ನ ದೊಡ್ಡಪ್ಪನ ಸಿಟ್ಟೂ ಇಳೀತದೆ. ಆಗ ಹೋಗಿ ತರುವ” ಎಂದರು. ಅಷ್ಟು ಸಾಕಾಯಿತು ನನಗೆ. ಆ ಮಳೆಗಾಲವಿಡೀ ನಾನು ಹೊಳೆಯನ್ನೇ ನೋಡಿದೆ. ಆಟಿ ತಿಂಗಳ ಜೋರು ಮಳೆಗೆ ನೆರೆ ಬಂದು ದೋಣಿ ನಿಂತಿತು. ಕೇಳಲಿಕ್ಕೆ ಬ್ಯಾರಿಗಳೂ ಸಿಗಲಿಲ್ಲ. ನೀರು ಕಡವಿನ ಕಲ್ಲನ್ನು ಬಿಟ್ಟು ಕೆಳಗಿಳಿದರೆ ಸಾಕು, ನನ್ನ ಬೊಳ್ಳಿ ಬರುತ್ತದೆ ಎಂದು ದಿನಾ ಆ ಕಲ್ಲನ್ನು ಹುಡುಕುತ್ತಿದ್ದೆ.

ಇಲಿಗಳಿಗೆ ಮಾತ್ರ ಸುದ್ದಿ ಬೇಗ ಮುಟ್ಟಿತು. ಮುಡಿಗಳ ಅಡಿ ಕೊರೆದವು, ಹುಲ್ಲು ಚಿಂದಿ ಮಾಡಿದವು, ಅಪ್ಪ ಕಟ್ಟಿದ ಮುಡಿಯಿಂದ ಅಕ್ಕಿ ಸುರಿಯುವುದನ್ನು ನಾನು ಆಗ ಕಂಡೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಹೇಳಿ ಪ್ರಯೋಜನವಿಲ್ಲ. ದೊಡ್ಡಪ್ಪನ ಜರಿ ಶಾಲಿನ ಅಂಚನ್ನು ಇಲಿ ತಿಂದ ದಿನ ಅವರು ಜಗಲಿಯಲ್ಲಿ ಕೂತು, ಯಾರಿಗೂ ಅಲ್ಲ ಎಂಬ ಹಾಗೆ, “ಮನೆಗೆ ಒಂದು ಬೆಕ್ಕು ಬೇಕಿತ್ತು” ಎಂದರು. ಬೊಳ್ಳಿ ಎನ್ನಲಿಲ್ಲ. ಆ ಹೆಸರು ಅವರ ಬಾಯಲ್ಲಿ ಬರಲಿಲ್ಲ.

ನೀರು ಇಳಿದ ಮೇಲೆ ದೊಡ್ಡಪ್ಪ, ಅಪ್ಪ, ನಾನು ಹೊಳೆ ದಾಟಿದೆವು. ದೋಣಿಯಲ್ಲಿ ನಾನು ಬೊಳ್ಳಿಯ ವಿಷಯ ಕೇಳಿದ್ದಕ್ಕೆ ಬ್ಯಾರಿಗಳು “ಮನೆಯಲ್ಲಿ ಕೇಳು” ಎಂದರು. ದೊಡ್ಡಪ್ಪನ ಹೆಗಲ ಮೇಲೆ ಮಡಚಿದ ಗೋಣಿ ಇತ್ತು. ಅದೇ ಗೋಣಿ, ಅದೇ ಕತ್ತದ ಹಗ್ಗ.

ಐಸಮ್ಮ ಅಂಗಳದಲ್ಲಿ ಮೀನು ಸರಿಮಾಡುತ್ತಿದ್ದರು. ಸುತ್ತ ಬೆಕ್ಕುಗಳು. ಸೌದೆಯ ಮೇಲೆ, ಬಾವಿಕಟ್ಟೆಯ ಮೇಲೆ, ಮಾಡಿನ ಮೇಲೆ ಎಲ್ಲ ಕಡೆ. ನನ್ನ ಕಣ್ಣು ಬಿಳಿಯದೊಂದನ್ನು ಹುಡುಕುತ್ತಿತ್ತು.

“ಬೆಕ್ಕು ಬೇಕಾ ಗೌಡ್ರೆ?” ಐಸಮ್ಮ ಕತ್ತಿ ಕೆಳಗಿಡಲಿಲ್ಲ. “ನೋಡಿ, ಅದು ನಿಮ್ಮ ಕಡೆಯ ಪಟೇಲರ ಮನೇದು, ಬೆಣ್ಣೆ ಮುಟ್ಟಿತಂತೆ. ಆ ಕೆಂಪಿನದ್ದು ಮಾಷ್ಟ್ರ ಮನೇದು, ಹಾಸಿಗೆಯಲ್ಲಿ ಮರಿ ಇಟ್ಟಿತಂತೆ. ನೀವೆಲ್ಲ ಪಾಪ ಬರ್ತದೆ ಅಂತ ಕೊಲ್ಲುದಿಲ್ಲ. ನಿಮ್ಮ ಪುಣ್ಯ ಎಲ್ಲ ನನ್ನ ಅಂಗಳಕ್ಕೆ ಬಂದು ಮೀನು ಕೇಳ್ತದೆ.”

ದೊಡ್ಡಪ್ಪನಿಗೆ ಅಷ್ಟು ಜೋರು ಮಾತು ಹೇಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಗಬೇಕಿತ್ತು. ಆದರೆ ನಾನು ಕೇಳಿದ್ದು ಒಂದೇ: “ನಮ್ಮ ಬೊಳ್ಳಿ ಎಲ್ಲಿ?”

ಐಸಮ್ಮ ಆಗ ಕತ್ತಿ ಇಟ್ಟರು. ಕೈ ತೊಳೆದುಕೊಂಡು ಬಂದು ನನ್ನ ಹತ್ತಿರ ಕೂತರು.

“ಕಪ್ಪು ಕಿವಿಯದ್ದಾ ಮಗಾ? ಅದು ಇಲ್ಲಿಯ ಬೆಕ್ಕು ಆಗ್ಲೇ ಇಲ್ಲ. ದೋಣಿ ಬಂದಾಗೆಲ್ಲ ಕಡವಿಗೆ ಓಡುದು. ಇಳಿದವರ ಕಾಲು ಮೂಸಿ ನೋಡುದು. ನಿಮ್ಮವರದ್ದಲ್ಲ ಅಂತ ಗೊತ್ತಾದ್ರೆ ಮತ್ತೆ ಕಲ್ಲಿನ ಮೇಲೆ ಹೋಗಿ ಕೂರುದು. ಮೀನು ಹಾಕಿದ್ರೆ ಅಲ್ಲಿಗೇ ಹಾಕ್ಬೇಕು. ನೆರೆ ಬಂದಾಗ ನಾನು ಒಳಗೆ ಕಟ್ಟಿ ಹಾಕಿದೆ. ಹಗ್ಗ ಬಿಡಿಸಿಕೊಂಡು ಹೋಯ್ತು. ಕಲ್ಲು ನೀರಿನ ಅಡಿಗಾಗಿತ್ತು. ಮತ್ತೆ ಬರ್ಲಿಲ್ಲ.”

ನಾನು ಈ ದಡದಿಂದ ದಿನಾ ಹುಡುಕುತ್ತಿದ್ದದ್ದೂ ಕಡವಿನ ಕಲ್ಲನ್ನೇ.

ಅಪ್ಪ ಮುಖ ತಿರುಗಿಸಿ ನಿಂತರು. ದೊಡ್ಡಪ್ಪ ಚಂದದ ಒಂದು ಮರಿಯ ಕಡೆ ಕೈ ತೋರಿಸಿ, “ಅದನ್ನು ಕೊಡಿ” ಎಂದರು.

“ಮರಿಯನ್ನು ಯಾರಾದ್ರೂ ಕೊಂಡೋಗ್ತಾರೆ. ನೀವು ಇದನ್ನು ಕೊಂಡೋಗಿ” ಎಂದು ಐಸಮ್ಮ ಸೌದೆಯ ಹಿಂದಿನಿಂದ ಒಂದನ್ನು ಎತ್ತಿ ತಂದರು. ಬೂದಿಬಣ್ಣದ ಗಂಡು ಬೆಕ್ಕು, ವಯಸ್ಸಾದದ್ದು, ಒಂದು ಕಣ್ಣಿಲ್ಲ. ದೊಡ್ಡಪ್ಪ ಗೋಣಿ ಬಿಚ್ಚಿದರು.

“ಗೋಣಿ ಬೇಡ. ಎತ್ತಿಕೊಂಡು ಹೋಗಿ, ಮುಖ ಹೊರಗಿರ್ಲಿ. ಅದು ದಾರಿ ನೋಡಿಕೊಂಡು ಬರ್ಬೇಕು.”

“ದಾರಿ ನೋಡಿದ್ರೆ ವಾಪಸ್ ಬಂದುಬಿಡುದಿಲ್ವಾ?” ಎಂದರು ದೊಡ್ಡಪ್ಪ.

“ನಾಳೆ ನಿಮಗೆ ಇದೂ ಬೇಡ ಅಂತ ಆದ್ರೆ? ಆಗ ವಾಪಸ್ ಬರ್ಲಿಕ್ಕೆ ಅದಕ್ಕೆ ನನ್ನ ಮನೆಯ ದಾರಿ ಗೊತ್ತಿರ್ಬೇಕು.”

ನಾನು ಇದನ್ನು ಎಲ್ಲರಿಗೂ ಹೇಳುತ್ತೇನೆ, ನಿಮಗೂ ಹೇಳುತ್ತೇನೆ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಿ. ಈಗ ಕೆಲವರು ದೂರದ ಊರಿನಿಂದ ಉದ್ದ ಕೂದಲಿನ, ಚಪ್ಪಟೆ ಮೂಗಿನ ಬೆಕ್ಕು ತರಿಸಿ ಸೋಫಾದ ಮೇಲೆ ಕೂರಿಸುತ್ತಾರೆ. ಅದೇ ಬೀದಿಯ ಕೊನೆಯ ಶೆಡ್ಡಿನಲ್ಲಿ ಆ ಹುಡುಗಿಯರು ಕಣ್ಣಿಲ್ಲದ್ದು, ಕಾಲಿಲ್ಲದ್ದು, ಯಾರಿಗೂ ಬೇಡದ್ದು ಎಂದು ಇಟ್ಟುಕೊಂಡು ಕಾಯುತ್ತಿರುತ್ತಾರೆ. ಬೆಕ್ಕು ಬೇಕಾದರೆ ಅಲ್ಲಿಗೆ ಹೋಗಿ. ಮರಿಯೇ ಆಗಬೇಕು ಎಂದು ಹಟ ಹಿಡಿಯಬೇಡಿ. ಆ ಒಕ್ಕಣ್ಣ ನಮ್ಮ ಮನೆಯಲ್ಲಿ ಹಣ್ಣು ಮುದುಕನಾಗಿ ಸಾಯುವ ತನಕ ಇತ್ತು. ಒಂದೇ ಕಣ್ಣಿನಲ್ಲಿ ಅದು ಹಿಡಿದಷ್ಟು ಇಲಿಯನ್ನು ಎರಡು ಕಣ್ಣಿನವು ಹಿಡಿದದ್ದು ನಾನು ಕಾಣೆ. ಮನೆಯವರ ಕಣ್ಣು ಹೋಗಲಿ ಎಂದು ಅದು ಬೇಡಿದ್ದೂ ಯಾರಿಗೂ ಕೇಳಿಸಲಿಲ್ಲ.

ಅವತ್ತು ದೋಣಿಯಲ್ಲಿ ದೊಡ್ಡಪ್ಪ ಆ ಒಕ್ಕಣ್ಣನನ್ನು ಎದೆಗೆ ಅವಚಿ ಕೂತಿದ್ದರು. ಅದು ಅವರ ಕುತ್ತಿಗೆಗೆ ಪರಚಿತು. ಸಂತೆಗೆ ಹೊರಟವರು ನೋಡಿ ನಕ್ಕರು. ದೊಡ್ಡಪ್ಪ ಬಿಡಲಿಲ್ಲ. ಗೋಣಿ ಅವರ ಕಾಲ ಬುಡದಲ್ಲಿ ಖಾಲಿ ಬಿದ್ದಿತ್ತು. ಆ ದಿನದ ಮೇಲೆ ಮನೆಯವರೆಲ್ಲ ದೊಡ್ಡಪ್ಪ ಮೆತ್ತಗಾದರು ಎಂದರು. ಆಗಿರಬಹುದು. ಒಬ್ಬರು ಮೆತ್ತಗಾಗಲಿಕ್ಕೆ ಇನ್ನೊಂದು ಜೀವ ಹೊಳೆಪಾಲಾಗಬೇಕೇ ಎಂಬುದು ನನ್ನ ಪ್ರಶ್ನೆ.

ಮರುವರ್ಷ ಮತ್ತೆ ಗುರುಕಾರ್ಣವರಿಗೆ ಬಡಿಸಿದರು. ಬಾಗಿಲು ಹಾಕುವ ಮೊದಲು ದೊಡ್ಡಪ್ಪ ತಾವೇ ಮುಡಿಗಳ ಹಿಂದೆ ಬಗ್ಗಿ ನೋಡಿ, ಒಕ್ಕಣ್ಣನನ್ನು ಎತ್ತಿ ಹೊರಗೆ ತಂದು ಅವ್ವನ ಕೈಗೆ ಕೊಟ್ಟರು. ಆಮೇಲೆ ಒಳಗೆ ಹೋಗಿ ಎಲೆಗಳ ಸಾಲಿನ ಕೊನೆಗೆ, ಬಾಗಿಲ ಹತ್ತಿರ, ಒಂದು ತುಂಡು ಎಲೆ ಹಾಕಿದರು. ಅದರಲ್ಲಿ ಒಂದು ಕೋಳಿಯ ಕಾಲು ಇಟ್ಟರು.

“ಅದು ಯಾರಿಗೆ?” ಎಂದರು ಅಜ್ಜಿ.

“ಇರ್ಲಿ” ಎಂದರು ದೊಡ್ಡಪ್ಪ.

ಎಲ್ಲರೂ ಹೊರಗೆ ಕೂತೆವು. ಆ ಸಲ ಕಾದದ್ದು ಯಾವಾಗಿನದಕ್ಕಿಂತ ಹೆಚ್ಚು ಹೊತ್ತು ಎಂದು ನನ್ನ ನೆನಪು. ದೊಡ್ಡಪ್ಪ ಬಾಗಿಲು ಬಡಿದರು, ತೆರೆದರು, ಹೊಸ್ತಿಲಲ್ಲಿ ನಿಂತು ಮೊದಲು ನೋಡಿದ್ದು ಆ ತುಂಡು ಎಲೆಯನ್ನು. ಕೋಳಿಯ ಕಾಲು ಇಟ್ಟಲ್ಲಿಯೇ ಇತ್ತು.

ವರ್ಷದ ಮೇಲೆ ನಾನು ದೊಡ್ಡಪ್ಪನ ಹತ್ತಿರ ಮಾತಾಡಿದ್ದು ಆಗಲೇ.

“ಬರುದು ಹೇಗೆ ದೊಡ್ಡಪ್ಪ? ಕೊಂಡೋಗುವಾಗ ಗೋಣಿಯ ಬಾಯಿ ಕಟ್ಟಿದ್ದೆವಲ್ಲ. ಅದಕ್ಕೆ ಈ ಮನೆಯ ದಾರಿ ಕಂಡಿರ್ಲಿಕ್ಕಿಲ್ಲ.”

ಅವ್ವ ನನ್ನನ್ನು ಗದರಲಿಲ್ಲ. ಯಾರೂ ಗದರಲಿಲ್ಲ.